ಮಗ ಪಾಸ್ ಚೆನ್ನಾಗಿ ಕೊಡ್ತಾನೆ, ಮೈಕಟ್ಟು ಸಣ್ಣದು: ಮಿಡ್‌ಫೀಲ್ಡರ್ ಆಗಿ ಬದುಕು ಕಟ್ಟಿಕೊಳ್ಳಬಹುದಾ?

ಪ್ರಶ್ನೆ: ಸರ್, ನನ್ನ ಮಗನಿಗೆ 15 ವರ್ಷ. ಹಲಸೂರಿನ ಹತ್ತಿರ ಒಂದು ಕ್ಲಬ್‌ನಲ್ಲಿ, ನಡು ಮೈದಾನದಲ್ಲಿ ಆಡುತ್ತಾನೆ. ಮಿಡ್‌ಫೀಲ್ಡರ್. ಅವನ ಪಾಸ್ ನೋಡಿ ಎಲ್ಲರೂ ಮೆಚ್ಚುತ್ತಾರೆ, ಆದರೆ ಆಳು ಸಣ್ಣ. ಹೋದ ವರ್ಷ ಎಲ್ಲ ಮ್ಯಾಚ್ ಆಡಿದ. ಈ ವರ್ಷ ಮೈಕಟ್ಟು ಸಾಲದು ಅಂತ ಬೆಂಚ್ ಮೇಲೆ ಕೂರಿಸುತ್ತಿದ್ದಾರೆ. ಈಗ ದೊಡ್ಡ ಕ್ಲಬ್ ಒಂದರ ಯೂತ್ ಟೀಮ್‌ನಿಂದ ಕರೆ ಬಂದಿದೆ. ಅಲ್ಲಿ ಅವನ ಜಾಗಕ್ಕೆ ಆಗಲೇ ನಾಲ್ಕು ಜನ ಇದ್ದಾರಂತೆ. ಇನ್ನೊಬ್ಬರು ದುಡ್ಡು ಕಟ್ಟಿದರೆ ಯುರೋಪ್‌ನಲ್ಲಿ ಟ್ರಯಲ್ಸ್ ಮಾಡಿಸುತ್ತೇನೆ ಅನ್ನುತ್ತಿದ್ದಾರೆ. ಎಸ್‌ಎಸ್‌ಎಲ್‌ಸಿ ಬೇರೆ ಹತ್ತಿರ ಬಂತು. ಇಂಥ ಆಟಗಾರನಿಗೆ ನಿಜವಾಗಿಯೂ ಕೆರಿಯರ್ ಇದೆಯಾ? ನಾವು ಯಾವ ದಾರಿ ಹಿಡಿಯಬೇಕು?

ಉತ್ತರ: ಮೇಡಂ, ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಇಂಥ ಹುಡುಗನಿಗೆ ಫುಟ್‌ಬಾಲ್‌ನಲ್ಲಿ ಜಾಗ ಇದೆ. ಆದರೆ ಅವನು ಬೆಳೆಯುವ ರೀತಿ ಬೇರೆಯವರ ಹಾಗಲ್ಲ. ಸ್ಟ್ರೈಕರ್ ಗೋಲು ಹೊಡೆದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ವಿಂಗ್‌ನಲ್ಲಿ ಓಡುವವನ ವೇಗವೂ ಕಾಣುತ್ತದೆ. ಆಟ ಕಟ್ಟುವ ಮಿಡ್‌ಫೀಲ್ಡರ್‌ನ ಕೆಲಸ ಬೇಗ ಕಾಣುವುದಿಲ್ಲ, ಅವನು ಬೇಗ ಮಾಗುವುದೂ ಇಲ್ಲ. ಹಾಗಾಗಿ 15ರಿಂದ 21ರವರೆಗೆ ಏನೇ ತೀರ್ಮಾನ ಮಾಡುವಾಗಲೂ ಒಂದೇ ಒಂದು ವಿಷಯ ನೋಡಿ. ಎಲ್ಲಿದ್ದರೆ ಅವನು ಜಾಸ್ತಿ ಹೊತ್ತು ಮ್ಯಾಚ್ ಆಡುತ್ತಾನೆ? ಕ್ಲಬ್ಬಿನ ಹೆಸರು, ಜೆರ್ಸಿ, ಹಾಸ್ಟೆಲ್, ಎಲ್ಲ ಆಮೇಲೆ.

ನಾನೂ ಬೆಂಗಳೂರಿನ ಡಿವಿಷನ್ ಲೀಗ್‌ಗಳಲ್ಲಿ ಇದೇ ಜಾಗದಲ್ಲಿ ಆಡಿದವನು. ಈಗ ಮಕ್ಕಳಿಗೆ ಕಲಿಸುತ್ತೇನೆ. ನಿಮ್ಮ ಮಗನ ಹಾಗಿರುವ ಹುಡುಗರು ಪ್ರತಿ ಬ್ಯಾಚ್‌ನಲ್ಲೂ ಒಬ್ಬರೋ ಇಬ್ಬರೋ ಇರುತ್ತಾರೆ. ಆಟ ಬಾರದೆ ಬಿಟ್ಟವರಿಗಿಂತ, 15-16ರಲ್ಲಿ ಬೆಂಚ್ ಮೇಲೆ ಕೂತು ಬೇಜಾರಾಗಿ ಬಿಟ್ಟವರೇ ಜಾಸ್ತಿ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಮಗನಲ್ಲಿ ಆ ಗುಣ ಇದೆಯಾ ಅಂತ ನೀವೇ ನೋಡಬಹುದು. ಮುಂದಿನ ಮ್ಯಾಚ್‌ಗೆ ಹೋದಾಗ ಹತ್ತು ನಿಮಿಷ ಚೆಂಡನ್ನು ನೋಡಬೇಡಿ. ಮಗನ ಕುತ್ತಿಗೆ ನೋಡಿ. ಚೆಂಡು ಇನ್ನೂ ಡಿಫೆಂಡರ್ ಕಾಲಲ್ಲಿದೆ ಅಂದುಕೊಳ್ಳಿ. ಅಷ್ಟರಲ್ಲಿ ಅವನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿ ಬೆನ್ನ ಹಿಂದೆ ಯಾರಿದ್ದಾರೆ ಅಂತ ನೋಡುತ್ತಾನಾ? ಪಾಸ್ ಹೊರಟ ಮೇಲೆ ಇನ್ನೊಮ್ಮೆ ನೋಡುತ್ತಾನಾ? ಚೆಂಡು ಬಂದಾಗ ಎದೆ ಪೂರ್ತಿ ನಮ್ಮ ಗೋಲ್ ಕಡೆ ಇರುತ್ತದಾ, ಇಲ್ಲ ಮೈ ಅರ್ಧ ತಿರುಗಿಸಿ ನಿಂತು ದೂರದ ಕಾಲಲ್ಲಿ ಚೆಂಡು ತೆಗೆದುಕೊಳ್ಳುತ್ತಾನಾ? ಹಾಗೆ ತೆಗೆದುಕೊಂಡರೆ ಮೊದಲ ಟಚ್‌ನಲ್ಲೇ ಎದುರಿನ ಒಬ್ಬ ಆಟಗಾರ ಹಿಂದೆ ಉಳಿದುಬಿಡುತ್ತಾನೆ. ಅನುಭವ ಇರುವ ಆಟೊ ಡ್ರೈವರ್ ಸಿಗ್ನಲ್ ಬಿಡುವ ಮುಂಚೆಯೇ ಯಾವ ಸಂದಿಯಲ್ಲಿ ನುಗ್ಗಬೇಕು ಅಂತ ನೋಡಿಟ್ಟುಕೊಂಡಿರುತ್ತಾನಲ್ವಾ, ಹಾಗೆ. ನಾರ್ವೆಯ ಗೀರ್ ಯೋರ್ಡೆಟ್ ಅನ್ನುವ ಸಂಶೋಧಕರು ಇಂಗ್ಲಿಷ್ ಪ್ರೀಮಿಯರ್ ಲೀಗ್ ಆಟಗಾರರ ವಿಡಿಯೊ ಇಟ್ಟುಕೊಂಡು ಇದನ್ನೇ ಎಣಿಸಿದ್ದಾರೆ. ಚೆಂಡು ಬರುವ ಮುಂಚೆ ಜಾಸ್ತಿ ಸಲ ತಲೆ ತಿರುಗಿಸಿ ನೋಡುವವರ ಪಾಸ್‌ಗಳು ಜಾಸ್ತಿ ಸಲ ಸರಿಯಾಗಿ ತಲುಪುತ್ತವೆ ಅನ್ನುವುದು ಅವರಿಗೆ ಕಂಡದ್ದು.

ನಿಮ್ಮ ಮಗ ಇದನ್ನು ಮಾಡುತ್ತಿದ್ದರೆ ಅದು ದೊಡ್ಡ ಆಸ್ತಿ. ಮಾಡದಿದ್ದರೆ ಕಲಿಸಬಹುದು, ಆದರೆ ಈಗಲೇ ಶುರು ಮಾಡಬೇಕು. ಒಂದು ಸುಲಭದ ಅಭ್ಯಾಸ ಇದೆ. ಗೋಡೆಗೆ ಚೆಂಡು ಹೊಡೆದು ವಾಪಸ್ ತೆಗೆದುಕೊಳ್ಳುವಾಗ ಹಿಂದೆ ಅಣ್ಣನೋ ಅಪ್ಪನೋ ನಿಂತು ಬೆರಳು ತೋರಿಸಬೇಕು. ಚೆಂಡು ಕಾಲಿಗೆ ಬರುವ ಮುಂಚೆ ಹಿಂತಿರುಗಿ ನೋಡಿ ಎಷ್ಟು ಬೆರಳು ಅಂತ ಅವನು ಹೇಳಬೇಕು. ದಿನಕ್ಕೆ ಕಾಲು ಗಂಟೆ ಸಾಕು.

ಇಲ್ಲಿ ನಮ್ಮ ಊರಿನ ಟರ್ಫ್‌ಗಳ ಬಗ್ಗೆ ಒಂದು ಮಾತು. ಎಚ್‌ಎಸ್‌ಆರ್, ಕೋರಮಂಗಲ, ವೈಟ್‌ಫೀಲ್ಡ್ ಎಲ್ಲ ಕಡೆ ಗಂಟೆಗಿಷ್ಟು ಅಂತ ಸಿಗುವ, ಬಲೆ ಕಟ್ಟಿದ ಐದೈದು ಜನರ ಅಂಕಣಗಳು ಬಂದಿವೆ. ಅಲ್ಲಿ ಆಡಿದರೆ ಚೆಂಡಿನ ಹಿಡಿತ ಚೆನ್ನಾಗಿ ಬರುತ್ತದೆ. ಆದರೆ ಅಲ್ಲಿ 40 ಮೀಟರ್ ದೂರದವನನ್ನು ನೋಡಿ ಪಾಸ್ ಕೊಡುವ ಸಂದರ್ಭವೇ ಬರುವುದಿಲ್ಲ. ವಾರಪೂರ್ತಿ ಟರ್ಫ್‌ನಲ್ಲಿ ಮಾತ್ರ ಆಡಿದ ಹುಡುಗ ದೊಡ್ಡ ಮೈದಾನಕ್ಕೆ ಬಂದಾಗ ಅವನ ಕಣ್ಣು ಹತ್ತು ಅಡಿಯ ಆಚೆ ಹೋಗುವುದೇ ಇಲ್ಲ. ಆಟ ಕಟ್ಟುವವನಿಗೆ ಹನ್ನೊಂದು ಜನರ ಪೂರ್ತಿ ಮೈದಾನ ಬೇಕೇ ಬೇಕು. ವಾರಕ್ಕೆ ಎರಡು ಸಲವಾದರೂ ಸಿಗುವ ಹಾಗೆ ನೋಡಿಕೊಳ್ಳಿ.

ಈಗ ಮೈಕಟ್ಟಿನ ವಿಷಯ. ಕೋಚ್ ಹೇಳಿದ್ದು ಪೂರ್ತಿ ಸುಳ್ಳಲ್ಲ. 14-15ರಲ್ಲಿ ಕೆಲವು ಹುಡುಗರು ಒಂದೇ ವರ್ಷದಲ್ಲಿ ಆಳೆತ್ತರ ಬೆಳೆದುಬಿಡುತ್ತಾರೆ. ಒಂದೇ ವಯಸ್ಸಿನ ಇಬ್ಬರು ಹುಡುಗರ ದೇಹದ ಬೆಳವಣಿಗೆಯಲ್ಲಿ ಎರಡು-ಮೂರು ವರ್ಷದ ಅಂತರ ಇರಬಹುದು. ಅದೂ ಅಲ್ಲದೆ, ಒಂದೇ ವಯೋಮಿತಿಯಲ್ಲಿ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಟ್ಟಿಗೆ ಆಡುತ್ತಾರೆ. ಯೂತ್ ಟೀಮ್‌ಗಳಿಗೆ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಹುಡುಗರೇ ಹೆಚ್ಚು ಆಯ್ಕೆಯಾಗುತ್ತಾರೆ ಅಂತ ಬೇರೆ ಬೇರೆ ದೇಶಗಳಲ್ಲಿ ಕಂಡುಕೊಂಡಿದ್ದಾರೆ. ಇಂಗ್ಲೆಂಡಿನ ಅಕಾಡೆಮಿಗಳು ಇದಕ್ಕೇ ಕೆಲವು ಟೂರ್ನಿಗಳಲ್ಲಿ ವಯಸ್ಸು ಬಿಟ್ಟು ದೇಹದ ಬೆಳವಣಿಗೆ ನೋಡಿ ತಂಡ ಮಾಡಿ ಆಡಿಸಿದ್ದೂ ಇದೆ. ಈ ವಾರದ ಮ್ಯಾಚ್ ಗೆಲ್ಲಬೇಕಾದ ಕೋಚ್ ಆಜಾನುಬಾಹುವನ್ನೇ ಇಳಿಸುತ್ತಾರೆ. ಅವರ ಒತ್ತಡ ನನಗೆ ಅರ್ಥವಾಗುತ್ತದೆ. ಆದರೆ ಮೂರು ವರ್ಷ ಕಳೆದರೆ ಈ ಅಂತರ ಬಹುಪಾಲು ಮುಚ್ಚಿಹೋಗುತ್ತದೆ. ಮೊದಲೇ ಬೆಳೆದ ಹುಡುಗ ಭುಜ ಕೊಟ್ಟು ಗೆದ್ದು ಅಭ್ಯಾಸ ಮಾಡಿಕೊಂಡಿರುತ್ತಾನೆ. ಸಣ್ಣ ಆಳು ಅಷ್ಟು ವರ್ಷವೂ ತಲೆ ಓಡಿಸಿಯೇ ಆಡಿರುತ್ತಾನೆ. ಆಗ ಯಾರ ಕೈ ಮೇಲಾಗುತ್ತದೆ ಅಂತ ಹೇಳಬೇಕಾಗಿಲ್ಲ. ಆದರೆ ಆ ಮೂರು ವರ್ಷವೂ ಅವನು ಆಡುತ್ತಲೇ ಇರಬೇಕು.

ಮಿಡ್‌ಫೀಲ್ಡರ್ ಲೂಕಾ ಮೋಡ್ರಿಚ್ ಕಥೆಯನ್ನು ಮಗನಿಗೆ ಹೇಳಿ. ಯುದ್ಧದಲ್ಲಿ ಮನೆ ಬಿಟ್ಟು ಬಂದ ಕುಟುಂಬ. ಕ್ರೊಯೇಷಿಯಾದ ಝದರ್ ಊರಿನ ಹೋಟೆಲ್‌ನಲ್ಲಿ ನಿರಾಶ್ರಿತರಾಗಿದ್ದರು. ಹುಡುಗ ಅಲ್ಲಿಯ ಪಾರ್ಕಿಂಗ್ ಜಾಗದಲ್ಲಿ ಚೆಂಡು ಒದೆಯುತ್ತಿದ್ದ. ದೊಡ್ಡ ಕ್ಲಬ್ ಹಜ್‌ದುಕ್ ಸ್ಪ್ಲಿಟ್ ಅವನನ್ನು ಸಣ್ಣ ಆಳು ಅಂತ ಬೇಡ ಅಂದಿತು. ಮುಂದೆ ಡೈನಮೊ ಝಾಗ್ರೆಬ್ ತೆಗೆದುಕೊಂಡರೂ ತಕ್ಷಣ ಮೊದಲ ತಂಡದಲ್ಲಿ ಆಡಿಸಲಿಲ್ಲ. 2003ರಲ್ಲಿ, 18ರ ವಯಸ್ಸಿಗೆ, ಪಕ್ಕದ ಬೋಸ್ನಿಯಾದ ಝ್ರಿನ್‌ಸ್ಕಿ ಮೊಸ್ತಾರ್ ಕ್ಲಬ್‌ಗೆ ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲಕ್ಕೆ ಮಾತ್ರ, ಕಳಿಸಿದರು. ಅಲ್ಲಿ ಮೈದಾನ ಒರಟು, ಡಿಫೆಂಡರ್‌ಗಳು ಇನ್ನೂ ಒರಟು. ಆದರೆ ಪೂರ್ತಿ ಸೀಸನ್ ಆಡಿದ, ಆ ವರ್ಷದ ಅಲ್ಲಿಯ ಲೀಗ್‌ನ ಅತ್ಯುತ್ತಮ ಆಟಗಾರನಾದ. ಆಮೇಲೆ ಇನ್ನೊಂದು ಸಣ್ಣ ಕ್ಲಬ್‌ಗೆ ಲೋನ್. ಆಮೇಲಷ್ಟೇ ಝಾಗ್ರೆಬ್. 2008ರಲ್ಲಿ ಟಾಟನ್‌ಹ್ಯಾಮ್, 2012ರಲ್ಲಿ ರಿಯಲ್ ಮ್ಯಾಡ್ರಿಡ್. ಅಲ್ಲಿ ಯುರೋಪ್ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಆರು ಸಲ ಗೆದ್ದ. 2018ರಲ್ಲಿ ವಿಶ್ವದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಬಂದಾಗ ವಯಸ್ಸು 33. 2025ರಲ್ಲಿ ಎಸಿ ಮಿಲಾನ್ ಸೇರಿ 40ರಲ್ಲೂ ಆಡುತ್ತಿದ್ದ. 15ರಲ್ಲಿ ಮೈಕಟ್ಟು ನೋಡಿ ತೀರ್ಪು ಕೊಟ್ಟಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಸ್ಪೇನ್‌ನ ಮಿಡ್‌ಫೀಲ್ಡರ್ ಡೇವಿಡ್ ಸಿಲ್ವಾ ದಾರಿಯೂ ಹೆಚ್ಚುಕಡಿಮೆ ಹೀಗೇ. ವ್ಯಾಲೆನ್ಸಿಯಾ ಕ್ಲಬ್ ಅವನನ್ನು 2004ರಲ್ಲಿ ಸ್ಪೇನ್‌ನ ಎರಡನೇ ದರ್ಜೆಯ ಐಬಾರ್‌ಗೆ ಲೋನ್ ಕೊಟ್ಟಿತು, ಮರು ವರ್ಷ ಸೆಲ್ಟಾ ವೀಗೊಗೆ. ಆಮೇಲೆ ಮ್ಯಾಂಚೆಸ್ಟರ್ ಸಿಟಿಯಲ್ಲಿ ಹತ್ತು ವರ್ಷ, ನಾಲ್ಕು ಲೀಗ್ ಪ್ರಶಸ್ತಿ. ಇಬ್ಬರೂ ಬೆಳೆದದ್ದು ಹೆಸರಿಲ್ಲದ ಕ್ಲಬ್‌ನ ಪೂರ್ತಿ 90 ನಿಮಿಷಗಳಲ್ಲಿ.

ಇನ್ನೊಂದು ವಿಷಯ ಪೋಷಕರಿಗೆ ಯಾರೂ ಮೊದಲೇ ಹೇಳುವುದಿಲ್ಲ. ಈ ಆಟಗಾರನ ಜಾಗ ಬದಲಾಗುತ್ತಾ ಹೋಗುತ್ತದೆ. ಹಿಂದೆ ನಂಬರ್ 10 ಅಂತ ಒಬ್ಬ ಇರುತ್ತಿದ್ದ. ಸ್ಟ್ರೈಕರ್ ಹಿಂದೆ ನಿಂತು ಚೆಂಡು ತೆಗೆದುಕೊಂಡು ಹಂಚುವುದೇ ಅವನ ಕೆಲಸ. ಓಡಿ ಹೋಗಿ ಚೆಂಡು ಕಸಿಯಬೇಕು ಅಂತ ಯಾರೂ ಕೇಳುತ್ತಿರಲಿಲ್ಲ. ಈಗ ಅಂಥ ಸವಲತ್ತು ಯಾರಿಗೂ ಇಲ್ಲ. ಚೆಂಡು ಕಳೆದುಕೊಂಡ ಮರುಕ್ಷಣವೇ ಎಲ್ಲರೂ ಪ್ರೆಸ್ ಮಾಡಬೇಕು, ಅಂದರೆ ಎದುರಾಳಿ ಮೇಲೆ ಮುಗಿಬಿದ್ದು ಚೆಂಡು ಕಸಿಯಲು ನೋಡಬೇಕು. ಹಾಗಾಗಿ ಆಟ ಕಟ್ಟುವವರು ಸ್ವಲ್ಪ ಹಿಂದಕ್ಕೆ ಬಂದು ನಡು ಮೈದಾನದಲ್ಲಿ ಆಡುತ್ತಾರೆ, ಇಲ್ಲವೇ ವಿಂಗ್‌ನಿಂದ ಒಳಗೆ ಬರುತ್ತಾರೆ.

ಇದಕ್ಕೆ ಇಟಲಿಯ ಆಂಡ್ರಿಯಾ ಪಿರ್ಲೊಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅವನು ಶುರು ಮಾಡಿದ್ದು ನಂಬರ್ 10 ಆಗಿ. ಇಂಟರ್ ಮಿಲಾನ್‌ನಲ್ಲಿ ಕಾಲೂರಲು ಆಗಲಿಲ್ಲ. 2001ರಲ್ಲಿ ತನ್ನ ಹಳೆಯ ಕ್ಲಬ್ ಬ್ರೆಷಿಯಾಗೆ ಲೋನ್ ಹೋದ. ಅಲ್ಲಿ ನಂಬರ್ 10 ಜಾಗದಲ್ಲಿ ರೊಬರ್ಟೊ ಬಾಜ್ಜೊ ಇದ್ದ. ಕೋಚ್ ಕಾರ್ಲೊ ಮಾಝೋನೆ ಪಿರ್ಲೊನನ್ನು ಡಿಫೆಂಡರ್‌ಗಳ ಮುಂದೆ ತಂದು ನಿಲ್ಲಿಸಿದರು. ಇಡೀ ಮೈದಾನ ಅವನ ಮುಂದೆ ತೆರೆದುಕೊಂಡಿತು. ಮುಂದೆ ಎಸಿ ಮಿಲಾನ್‌ನಲ್ಲಿ ಕೋಚ್ ಅಂಚೆಲೊಟ್ಟಿ ಅವನನ್ನು ಅಲ್ಲೇ ಆಡಿಸಿದರು.

2006ರ ವಿಶ್ವಕಪ್ ಸೆಮಿಫೈನಲ್‌ನ 119ನೇ ನಿಮಿಷದ ವಿಡಿಯೊ ಹುಡುಕಿ, ಮಗನ ಜೊತೆ ಕೂತು ನೋಡಿ. ಡಾರ್ಟ್ಮಂಡ್‌ನಲ್ಲಿ ಜರ್ಮನಿ ಎದುರು ಇಟಲಿಯ ಮ್ಯಾಚ್, 0-0. ಕಾರ್ನರ್‌ನಿಂದ ಹೊರಬಂದ ಚೆಂಡು ಪಿರ್ಲೊ ಕಾಲಿಗೆ ಸಿಗುತ್ತದೆ. ಬೇರೆ ಯಾರಾದರೂ ಆಗಿದ್ದರೆ ಗೋಲಿಗೆ ಒದ್ದುಬಿಡುತ್ತಿದ್ದರು. ಅವನು ಒದೆಯುವುದಿಲ್ಲ. ಚೆಂಡನ್ನು ಅಡ್ಡಡ್ಡ ಬಲಕ್ಕೆ ತಳ್ಳಿಕೊಂಡು ಹೋಗುತ್ತಾನೆ. ಒಂದು ಹೆಜ್ಜೆ, ಎರಡು ಹೆಜ್ಜೆ. ಈಗ ಹೊಡೆಯುತ್ತಾನೆ, ಈಗ ಹೊಡೆಯುತ್ತಾನೆ ಅಂತ ಜರ್ಮನಿಯ ಡಿಫೆಂಡರ್‌ಗಳು ಅವನ ಕಡೆಗೇ ಸರಿಯುತ್ತಾರೆ. ಅವರು ಸರಿದಷ್ಟೂ ಬಲಗಡೆ ಜಾಗ ಖಾಲಿಯಾಗುತ್ತದೆ. ಆಗ, ಆ ಕಡೆ ಮುಖವನ್ನೇ ತಿರುಗಿಸದೆ, ಅವರ ನಡುವಿನ ಸಂದಿಯಲ್ಲಿ ಚೆಂಡು ಜಾರಿಸುತ್ತಾನೆ. ಜೊತೆಗಾರ ಗ್ರೊಸ್ಸೊ ಎಡಗಾಲಲ್ಲಿ ತಿರುಗಿಸಿ ಹೊಡೆಯುತ್ತಾನೆ, ಗೋಲು. ಎಲ್ಲರಿಗೂ ನೆನಪಿರುವುದು ಗ್ರೊಸ್ಸೊ ಕೂಗಿಕೊಂಡು ಓಡಿದ್ದು. ನೀವು ನೋಡಬೇಕಾದ್ದು ಅದಕ್ಕಿಂತ ಮುಂಚಿನ ಆ ಎರಡು ಸೆಕೆಂಡು. ಕಾಯುವ ಧೈರ್ಯ ಅಂದರೆ ಅದು. ತುಂಬಾ ಮ್ಯಾಚ್ ಆಡಿದ ಮೇಲಷ್ಟೇ ಅದು ಬರುತ್ತದೆ.

ಹಾಗಾಗಿ ನಾಳೆ ಕೋಚ್ ನಿಮ್ಮ ಮಗನನ್ನು ವಿಂಗ್‌ನಲ್ಲಿ ಆಡು ಅಂದರೆ, ಅಥವಾ ಹಿಂದೆ ಬಾ ಅಂದರೆ, ಅವಮಾನ ಆಯಿತು ಅಂದುಕೊಳ್ಳಬೇಡಿ. ಬೆಂಚ್ ಮೇಲೆ ನಂಬರ್ 10 ಆಗಿ ಕೂರುವುದಕ್ಕಿಂತ ಮೈದಾನದಲ್ಲಿ ಬೇರೆ ಜಾಗದಲ್ಲಿ ಆಡುವುದು ಎಷ್ಟೋ ಮೇಲು. ವಿಂಗ್‌ನಲ್ಲಿ ಬೆನ್ನಿಗೆ ಸೈಡ್‌ಲೈನ್ ಇರುತ್ತದೆ, ನೋಡಬೇಕಾದ ದಿಕ್ಕು ಕಡಿಮೆ. ಸಣ್ಣ ಆಳಿಗೆ ಒಂದೆರಡು ವರ್ಷ ಅದು ಒಳ್ಳೆಯ ಜಾಗವೇ.

ನಮ್ಮ ಊರಿಗೆ ಬರೋಣ. ಇಂಥ ಆಟಗಾರರು ಬೆಂಗಳೂರಿಗೆ ಹೊಸಬರೇನಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ. ಅವರು ಆಡುತ್ತಿದ್ದದ್ದು ಇನ್‌ಸೈಡ್ ಲೆಫ್ಟ್ ಜಾಗದಲ್ಲಿ. ಇವತ್ತಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ನಿಮ್ಮ ಮಗನ ಜಾಗವೇ. ಚೆಂಡು ಅವರ ಬರಿಗಾಲಿಗೆ ಅಂಟಿಕೊಂಡಂತೆ ಇರುತ್ತಿತ್ತು, ಅದಕ್ಕೇ ಹಾವಾಡಿಗ ಅಂತ ಹೆಸರು ಬಂತು. 1949ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿಯ ಐವರು ಫಾರ್ವರ್ಡ್‌ಗಳನ್ನು ಜನ ಪಂಚ ಪಾಂಡವರು ಅಂತಲೇ ಕರೆಯುತ್ತಿದ್ದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಎದುರು ಭಾರತ 10-1ರಿಂದ ಸೋತಾಗ ಆ ಒಂದು ಗೋಲು ಅವರದ್ದು.

ಆಮೇಲಿನ ತಲೆಮಾರಿನಲ್ಲಿ ಕಾರ್ಲ್‌ಟನ್ ಚಾಪ್‌ಮನ್. ಆಸ್ಟಿನ್ ಟೌನ್‌ನ ಹುಡುಗ. 1990ರಲ್ಲಿ ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಹೋದರು. 1993ರಲ್ಲಿ ಈಸ್ಟ್ ಬೆಂಗಾಲ್. ಇರಾಕ್‌ನ ಅಲ್ ಝವ್ರಾ ಎದುರು ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ 6-2 ಗೆಲುವು, ಅದರಲ್ಲಿ ಅವರ ಹ್ಯಾಟ್ರಿಕ್, ಅಂದರೆ ಮೂರು ಗೋಲು. ಪಂಜಾಬ್‌ನ ಜೆಸಿಟಿ ಕ್ಲಬ್‌ನಲ್ಲಿದ್ದಾಗ ಮೊದಲ ನ್ಯಾಷನಲ್ ಲೀಗ್, ಈಸ್ಟ್ ಬೆಂಗಾಲ್ ಕ್ಯಾಪ್ಟನ್ ಆಗಿ 2000-01ರ ಲೀಗ್, ನಡುವೆ ಭಾರತ ತಂಡದ ನಾಯಕತ್ವ. ಆಟ ನಿಲ್ಲಿಸಿದ ಮೇಲೆ ಕೋಚ್ ಆದರು. 2020ರಲ್ಲಿ, 49ನೇ ವಯಸ್ಸಿಗೇ, ಇದೇ ಊರಿನಲ್ಲಿ ತೀರಿಕೊಂಡರು. ಅವರ ಬಗ್ಗೆ ನಮ್ಮ ಮಕ್ಕಳಿಗೆ ಇನ್ನೂ ಜಾಸ್ತಿ ಗೊತ್ತಿರಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಅವರಿಬ್ಬರ ಕಾಲದಲ್ಲಿ ಇಷ್ಟಾಗಿ ಇಲ್ಲದ ಒಂದು ಕಷ್ಟ ಈಗ ಇದೆ. ಅದನ್ನು ಮುಚ್ಚಿಟ್ಟು ಹೇಳಿದರೆ ನಿಮಗೆ ಅನ್ಯಾಯ ಮಾಡಿದ ಹಾಗೆ. ನಮ್ಮ ದೇಶದ ಕ್ಲಬ್‌ಗಳು ವಿದೇಶಿ ಆಟಗಾರರಿಗೆ ದುಡ್ಡು ಸುರಿಯುವುದು ಮುಖ್ಯವಾಗಿ ಎರಡು ಜಾಗಕ್ಕೆ. ಒಂದು ಸ್ಟ್ರೈಕರ್, ಇನ್ನೊಂದು ಆಟ ಕಟ್ಟುವ ಮಿಡ್‌ಫೀಲ್ಡರ್. ಬೆಂಗಳೂರು ಎಫ್‌ಸಿಯಲ್ಲೇ ನೋಡಿ. 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದ ತಂಡದ ಆಟ ಹರಿಯುತ್ತಿದ್ದದ್ದು ಸ್ಪೇನ್‌ನ ಡಿಮಾಸ್ ಡೆಲ್ಗಾಡೊ ಮೂಲಕ. ಲೀಗ್ 2014ರಲ್ಲಿ ಶುರುವಾದಾಗ ಮೈದಾನದಲ್ಲಿ ಏಕಕಾಲಕ್ಕೆ 6 ವಿದೇಶಿಯರು ಆಡಬಹುದಿತ್ತು. 2017-18ರಲ್ಲಿ ಅದು 5 ಆಯಿತು, 2021-22ರಲ್ಲಿ 4. ಹಾಗಾಗಿ ದಾರಿ ನಿಧಾನಕ್ಕೆ ಅಗಲವಾಗಿದೆ. ಆದರೂ ನಿಮ್ಮ ಮಗ ಮುಂದೆ ಪೈಪೋಟಿ ಮಾಡಬೇಕಾದದ್ದು ಯುರೋಪ್‌ನಲ್ಲಿ ಹತ್ತು ವರ್ಷ ಆಡಿ ಬಂದವರ ಜೊತೆ.

ಆದರೂ ದಾಟಿ ಬಂದವರಿದ್ದಾರೆ. ಶಿಲ್ಲಾಂಗ್‌ನ ಯೂಜೀನ್‌ಸನ್ ಲಿಂಗ್ಡೊ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಪರ ಆಡುತ್ತಿದ್ದ ದಿನಗಳನ್ನು ನೆನಪು ಮಾಡಿಕೊಳ್ಳಿ. ಫ್ರೀಕಿಕ್, ಕಾರ್ನರ್, ಥ್ರೂ ಬಾಲ್ ಎಲ್ಲ ಅವರ ಕಾಲಿಂದಲೇ. 2015ರಲ್ಲಿ ದೇಶದ ವರ್ಷದ ಆಟಗಾರ ಪ್ರಶಸ್ತಿ ಬಂತು. ಅದೇ ವರ್ಷದ ಐಎಸ್‌ಎಲ್ ಹರಾಜಿನಲ್ಲಿ ಪುಣೆ ತಂಡ ಅವರಿಗೆ 1.05 ಕೋಟಿ ರೂಪಾಯಿ ಕೊಟ್ಟಿತು. ಮಣಿಪುರದ ಸುರೇಶ್ ಸಿಂಗ್ ವಾಂಗ್‌ಜಮ್ 2017ರ 17 ವರ್ಷದೊಳಗಿನವರ ವಿಶ್ವಕಪ್ ಆಡಿ, ಆಮೇಲೆ ಹುಡುಗರದ್ದೇ ತಂಡವಾಗಿದ್ದ ಇಂಡಿಯನ್ ಆರೋಸ್ ಪರ ದೇಶದ ಇನ್ನೊಂದು ದೊಡ್ಡ ಲೀಗ್ ಆದ ಐ-ಲೀಗ್ ಆಡಿದರು. ಆ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ಆದರೆ 17-18ರ ಹುಡುಗರಿಗೆ ದೊಡ್ಡವರ ಎದುರು ಪೂರ್ತಿ ಮ್ಯಾಚ್ ಸಿಕ್ಕಿತು. 2019ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದಾಗ ಅವರು ತಯಾರಾಗಿದ್ದರು. ನಮ್ಮ ಊರಿನವರೇ ಆದ ವಿನೀತ್ ವೆಂಕಟೇಶ್ ಬೆಂಗಳೂರು ಎಫ್‌ಸಿಯ ಯೂತ್ ತಂಡಗಳಲ್ಲಿ ಬೆಳೆದು 2024ರ ಸೆಪ್ಟೆಂಬರ್‌ನಲ್ಲಿ ಈಸ್ಟ್ ಬೆಂಗಾಲ್ ಎದುರು ಗೆಲುವಿನ ಗೋಲು ಹೊಡೆದಾಗ ಇನ್ನೂ ಹದಿಹರೆಯದಲ್ಲಿದ್ದರು.

ದುಡ್ಡು ಕಟ್ಟಿಸಿಕೊಂಡು ಯುರೋಪ್ ಟ್ರಯಲ್ಸ್ ಮಾಡಿಸುತ್ತೇನೆ ಅನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕಾರಣ ಸರಳ. ಫಿಫಾ ನಿಯಮದ ಪ್ರಕಾರ 18 ತುಂಬದ ಆಟಗಾರ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್‌ಗೆ ನೋಂದಣಿ ಆಗುವ ಹಾಗಿಲ್ಲ. ಕೆಲವು ವಿನಾಯಿತಿಗಳಿವೆ. ತಂದೆ-ತಾಯಿ ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಅದು ಒಂದು. ಯುರೋಪ್ ಒಕ್ಕೂಟದ ಒಳಗೆ 16 ದಾಟಿದವರಿಗೆ ಇರುವ ವಿನಾಯಿತಿ ನಮ್ಮ ಮಕ್ಕಳಿಗೆ ಅನ್ವಯಿಸುವುದಿಲ್ಲ. ಅಂದರೆ ನಿಮ್ಮ ಮಗ ಅಲ್ಲಿ ಹೋಗಿ ಎಷ್ಟೇ ಚೆನ್ನಾಗಿ ಆಡಿದರೂ ಇನ್ನೂ ಮೂರು ವರ್ಷ ಯಾವ ಕ್ಲಬ್ಬೂ ಅವನನ್ನು ಸೇರಿಸಿಕೊಳ್ಳಲು ಆಗುವುದಿಲ್ಲ. ಹಾಗಿದ್ದ ಮೇಲೆ ಆ ದುಡ್ಡು ಯಾತಕ್ಕೆ? ಏಜೆಂಟ್ ಅಂತ ಹೇಳಿಕೊಂಡು ಬಂದರೆ ಫಿಫಾ ಲೈಸೆನ್ಸ್ ಇದೆಯಾ ಕೇಳಿ. ಚಿಕ್ಕ ಹುಡುಗರ ಜೊತೆ ವ್ಯವಹಾರ ಮಾಡಬೇಕಾದರೆ ನಿಮ್ಮ ಲಿಖಿತ ಒಪ್ಪಿಗೆ ಬೇಕು. ಮುಂದೆ ಯಾವುದಾದರೂ ಕ್ಲಬ್ ಕಾಂಟ್ರ್ಯಾಕ್ಟ್ ಮುಂದಿಟ್ಟರೆ ಇದೂ ನೆನಪಿರಲಿ: 18 ತುಂಬುವ ಮುಂಚೆ ಮೂರು ವರ್ಷಕ್ಕಿಂತ ಜಾಸ್ತಿಯ ಒಪ್ಪಂದಕ್ಕೆ ಸಹಿ ಹಾಕಿಸುವ ಹಾಗಿಲ್ಲ.

ಆ ದುಡ್ಡಿನಲ್ಲಿ ಒಂದು ಟ್ರೈಪಾಡ್ ತೆಗೆದುಕೊಳ್ಳಿ. ಸ್ಟ್ಯಾಂಡ್‌ನ ಎತ್ತರದ ಜಾಗದಿಂದ ಅವನ ಮ್ಯಾಚ್‌ಗಳನ್ನು ಪೂರ್ತಿ ರೆಕಾರ್ಡ್ ಮಾಡಿ. ಹಿನ್ನೆಲೆ ಸಂಗೀತ ಹಾಕಿದ ಎರಡು ನಿಮಿಷದ ವಿಡಿಯೊದಲ್ಲಿ ಸ್ಟ್ರೈಕರ್‌ನ ಗೋಲು ಚೆನ್ನಾಗಿ ಕಾಣುತ್ತದೆ, ಮಿಡ್‌ಫೀಲ್ಡರ್ ಕೆಲಸ ಕಾಣುವುದಿಲ್ಲ. ಚೆಂಡು ಇಲ್ಲದಾಗ ಎಲ್ಲಿ ನಿಲ್ಲುತ್ತಾನೆ, ಚೆಂಡು ಹೋದ ಮೇಲೆ ಏನು ಮಾಡುತ್ತಾನೆ ಅನ್ನುವುದನ್ನೇ ಆಯ್ಕೆ ಮಾಡುವವರು ನೋಡುವುದು. ಅದಕ್ಕೆ ಪೂರ್ತಿ ಮ್ಯಾಚ್ ಬೇಕು. ಅವನೂ ವಾರಕ್ಕೊಮ್ಮೆ ಕೂತು ತನ್ನ ಮ್ಯಾಚ್ ನೋಡಲಿ.

ಗಾಯದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ನಡು ಮೈದಾನದಲ್ಲಿ ಆಡುವವನಿಗೆ ನಾಲ್ಕೂ ಕಡೆಯಿಂದ ಟ್ಯಾಕಲ್ ಬರುತ್ತದೆ, ಮೈ ತಿರುಗಿಸುವುದೂ ಜಾಸ್ತಿ. ಮಂಡಿ ಒಳಗಿನ ಎಸಿಎಲ್ ಅನ್ನುವ ಕಟ್ಟುನಾರು ಹರಿದರೆ ಸುಮಾರು ಒಂಬತ್ತು ತಿಂಗಳು ಆಟ ಇಲ್ಲ. ಫಿಫಾ 11+ ಅಂತ ಒಂದು ವಾರ್ಮ್-ಅಪ್ ಇದೆ. ಸುಮಾರು 20 ನಿಮಿಷ, ವಿಶೇಷ ಸಲಕರಣೆ ಏನೂ ಬೇಡ. ವಾರಕ್ಕೆ ಎರಡು ಸಲವಾದರೂ ಸರಿಯಾಗಿ ಮಾಡಿದ ತಂಡಗಳಲ್ಲಿ ಗಾಯ ಸಾಕಷ್ಟು ಕಡಿಮೆಯಾಗಿದೆ. ನಿಮ್ಮ ಕ್ಲಬ್‌ನಲ್ಲಿ ಮಾಡಿಸದಿದ್ದರೆ ಅವನೇ ಇಪ್ಪತ್ತು ನಿಮಿಷ ಮುಂಚೆ ಹೋಗಿ ಮಾಡಲಿ. ಎತ್ತರ ಬೆಳೆಯುವ ವಯಸ್ಸಿನಲ್ಲಿ ಮಂಡಿ ಕೆಳಗೆ, ಹಿಮ್ಮಡಿಯಲ್ಲಿ ನೋವು ಬಂದರೆ ಸುಮ್ನೆ ಸಹಿಸಿಕೊಂಡು ಆಡಿಸಬೇಡಿ, ವೈದ್ಯರಿಗೆ ತೋರಿಸಿ.

ಓದಿನ ವಿಷಯದಲ್ಲಿ ನಾನು ಗಟ್ಟಿ ನಿಲುವಿನವನು. ಎಸ್‌ಎಸ್‌ಎಲ್‌ಸಿ, ಪಿಯುಸಿ ಬಿಡಿಸಬೇಡಿ. ಒಂದು ಕಾಲದಲ್ಲಿ ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ, ಬಿಇಎಂಎಲ್‌ನಂಥ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಡುತ್ತಿದ್ದವು. ಬೆಳಗ್ಗೆ ಕೆಲಸ, ಸಂಜೆ ಆಟ, ತಿಂಗಳಿಗೆ ಸಂಬಳ. ಎಚ್‌ಎಎಲ್ ತಂಡ ಐ-ಲೀಗ್‌ವರೆಗೂ ಹೋಗಿ ಆಡಿತ್ತು. ಆ ಆಸರೆ ಈಗ ಬಹಳ ಕಡಿಮೆಯಾಗಿದೆ. ಕ್ಲಬ್ ಫುಟ್‌ಬಾಲ್‌ನ ಗತಿಯೂ ಯಾವಾಗಲೂ ಭದ್ರವಲ್ಲ. 2025ರ ಜುಲೈನಲ್ಲಿ ಐಎಸ್‌ಎಲ್ ಸೀಸನ್ನನ್ನೇ ತಡೆಹಿಡಿದರು, ಕೆಲವು ಕ್ಲಬ್‌ಗಳು ಆಟಗಾರರ ಸಂಬಳ ನಿಲ್ಲಿಸಿದವು. ದೇಶದ ದೊಡ್ಡ ದೊಡ್ಡ ಆಟಗಾರರೇ ಕಂಗಾಲಾದರು. ಅಂಥ ಹೊತ್ತಿನಲ್ಲಿ ಕೈಯಲ್ಲಿ ಒಂದು ಡಿಗ್ರಿ ಇದ್ದರೆ ಮನಸ್ಸಿಗೆ ಧೈರ್ಯ. ಒಳ್ಳೆಯ ಆಟಗಾರರಿಗೆ ಕಾಲೇಜುಗಳಲ್ಲಿ ಕ್ರೀಡಾ ಕೋಟಾ ಸಿಗುತ್ತದೆ, ಸೇನೆ ಮತ್ತು ರೈಲ್ವೆಯಲ್ಲೂ ಆಟಗಾರರಿಗೆ ಅವಕಾಶ ಇದೆ. ಪರೀಕ್ಷೆಗೆ ಮುಂಚಿನ ಒಂದೆರಡು ತಿಂಗಳು ತರಬೇತಿಯನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿದರೆ ಏನೂ ಮುಳುಗುವುದಿಲ್ಲ. ಪೂರ್ತಿ ನಿಲ್ಲಿಸಬೇಡಿ, ಅಷ್ಟೇ. ನಿಲ್ಲಿಸಿದರೆ ಮತ್ತೆ ಹದಕ್ಕೆ ಬರಲು ಸಮಯ ಹಿಡಿಯುತ್ತದೆ.

ಆಡುವ ಕಾಲ ಮುಗಿದ ಮೇಲೂ ಈ ಜಾಗದ ಆಟಗಾರರಿಗೆ ಕೆಲಸ ಇದೆ. ಗ್ವಾರ್ಡಿಯೋಲಾ, ಅಂಚೆಲೊಟ್ಟಿ, ಆರ್ಟೆಟಾ, ಶಾಬಿ ಅಲೊನ್ಸೊ ಎಲ್ಲ ಮಿಡ್‌ಫೀಲ್ಡರ್‌ಗಳೇ. ಇಡೀ ಮೈದಾನ ನೋಡಿ ಅಭ್ಯಾಸ ಆಗಿರುವುದರಿಂದ ಕೋಚಿಂಗ್ ಅವರಿಗೆ ಬೇಗ ಹತ್ತುತ್ತದೆ. ಇಲ್ಲಿಯೂ ಡಿ-ಲೈಸೆನ್ಸ್ ಅನ್ನುವ ಕೆಳಹಂತದ ಕೋಚಿಂಗ್ ಅರ್ಹತೆಯಿಂದ ಶುರು ಮಾಡಿ ಮೇಲಕ್ಕೆ ಹೋಗಬಹುದು. ಅದು ದೂರದ ಮಾತು, ಆದರೆ ದಾರಿ ಇದೆ ಅಂತ ತಿಳಿದಿರಲಿ.

ಈಗ ನಿಮ್ಮ ಎದುರಿಗಿರುವ ಆ ದೊಡ್ಡ ಕ್ಲಬ್‌ನ ಕರೆ. ಬೇಡ ಅನ್ನಿ ಅಂತ ನಾನು ಹೇಳುವುದಿಲ್ಲ. ದೊಡ್ಡ ಕ್ಲಬ್‌ನಲ್ಲಿ ಒಳ್ಳೆಯ ಕೋಚ್, ಫಿಸಿಯೊ, ಒಳ್ಳೆಯ ಜೊತೆಗಾರರು ಸಿಗುತ್ತಾರೆ. ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್‌ನಂಥ ಸ್ಪರ್ಧೆಯಲ್ಲಿ ಆಡುವ ಅವಕಾಶ ಬರಬಹುದು. ಆದರೆ ಸಹಿ ಹಾಕುವ ಮುಂಚೆ ಅಲ್ಲಿಯ ಕೋಚ್ ಹತ್ತಿರ ಕೂತು ಕೇಳಿ. ಹೋದ ಸೀಸನ್‌ನಲ್ಲಿ ಈ ವಯಸ್ಸಿನ ತಂಡ ಎಷ್ಟು ಮ್ಯಾಚ್ ಆಡಿತು? ನನ್ನ ಮಗನ ಜಾಗದ ನಾಲ್ಕನೇ ಹುಡುಗ ಅದರಲ್ಲಿ ಎಷ್ಟು ಆಡಿದ? ನಿಮ್ಮಲ್ಲಿ ಅವಕಾಶ ಸಿಗದಿದ್ದರೆ ಅವನನ್ನು ಬೆಂಗಳೂರು ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ (ಬಿಡಿಎಫ್‌ಎ) ಲೀಗ್‌ನಲ್ಲಿ ಬೇರೆ ತಂಡದ ಪರ ಆಡಲು ಬಿಡುತ್ತೀರಾ? ಬರವಣಿಗೆಯಲ್ಲಿ ಕೊಡುತ್ತೀರಾ? ಒಳ್ಳೆಯ ಕೋಚ್ ಈ ಪ್ರಶ್ನೆಗಳಿಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಉತ್ತರ ನುಣುಚಿಕೊಂಡರೆ ಒಂದು ವರ್ಷ ತಡೆಯಿರಿ.

ಆ ಒಂದು ವರ್ಷ ಅವನು ಎಲ್ಲಿ ಆಡಬೇಕು? ಈಗಿನ ಕ್ಲಬ್‌ನ ಕೋಚ್ ಹತ್ತಿರವೂ ಜಗಳ ಬೇಡ. ವಿಂಗ್‌ನಲ್ಲಾದರೂ ಸರಿ, ಅರ್ಧ ಮ್ಯಾಚ್ ಆದರೂ ಸರಿ, ಆಡಿಸಿ ಅಂತ ಮಗನೇ ಹೋಗಿ ಕೇಳಲಿ. ಅದೂ ಆಗದಿದ್ದರೆ ಸಿ ಡಿವಿಷನ್‌ನ ಯಾವುದಾದರೂ ಸಣ್ಣ ಕ್ಲಬ್ ಹುಡುಕಿ. ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್ ಸುತ್ತಮುತ್ತ ಹುಡುಗರನ್ನು ಪ್ರೀತಿಯಿಂದ ಬೆಳೆಸುವ ಕ್ಲಬ್‌ಗಳು ಇವತ್ತಿಗೂ ಇವೆ. ಅಲ್ಲಿ ದೊಡ್ಡವರ ಜೊತೆ ಆಡುವಾಗ ಮೊದಲ ಒಂದೆರಡು ತಿಂಗಳು ನೆಲಕ್ಕೆ ಬೀಳುವುದು ಜಾಸ್ತಿ ಇರುತ್ತದೆ. ಹಾಗೆ ಬೀಳದೆ ಇರಬೇಕಾದರೆ ಚೆಂಡು ಬರುವ ಮುಂಚೆ ತಿರುಗಿ ನೋಡಲೇಬೇಕು, ಒಂದೇ ಟಚ್‌ನಲ್ಲಿ ಚೆಂಡು ಬಿಡಲೇಬೇಕು. ನಿಮ್ಮ ಮಗನಿಗೆ ಈಗ ಬೇಕಾಗಿರುವ ಪಾಠ ಅದೇ. ಹೋಗುವ ಮುಂಚೆ ಈಗಿನ ಕ್ಲಬ್‌ನಿಂದ ನೋಂದಣಿ ಬಿಡುಗಡೆಯ ಪತ್ರ ತೆಗೆದುಕೊಳ್ಳುವುದನ್ನು ಮರೆಯಬೇಡಿ, ಅದಿಲ್ಲದೆ ಸೀಸನ್ ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ವಯಸ್ಸಿನ ದಾಖಲೆಗಳನ್ನೂ ಸರಿಯಾಗಿಟ್ಟುಕೊಳ್ಳಿ. ರಾಷ್ಟ್ರಮಟ್ಟದ ವಯೋಮಿತಿ ಟೂರ್ನಿಗಳಿಗೆ ಹೋದಾಗ ಮಣಿಕಟ್ಟಿನ ಎಕ್ಸ್-ರೇ ತೆಗೆದು ವಯಸ್ಸು ಪರೀಕ್ಷಿಸುತ್ತಾರೆ. ನಿಮ್ಮ ಮಗ ನಿಧಾನಕ್ಕೆ ಬೆಳೆಯುತ್ತಿರುವ ಹುಡುಗ, ಆ ಪರೀಕ್ಷೆಗೆ ಅವನು ಹೆದರಬೇಕಾಗಿಲ್ಲ.